ಹುಳದ ಮನೆಯ ಕಾಳುಮೆಣಸು

ಮೂವತ್ತು ವರ್ಷ ನಾನು ಬೇರೆಯವರ ಹೊಲದ ಮಣ್ಣನ್ನು ನೀರಿನಲ್ಲಿ ಕಲಕಿದೆ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದವರಿಗೆ ಅಷ್ಟೇ ಹೇಳುತ್ತೇನೆ. ಈಗ ಸರ್ಟಿಫಿಕೇಟು ಹಿಡಿದು ಇದೇ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಯಾವ ಕಂಪನಿಯ ಮೀಟರ್ ಒಳ್ಳೆಯದು ಅನ್ನುವುದೇ ಅವರ ಮೊದಲ ಪ್ರಶ್ನೆ. ಮೀಟರ್ ಯಾವುದಾದರೂ ನಡೆಯುತ್ತದೆ ತಾಯಿ. ಅದನ್ನು ಅದ್ದುವ ಮಣ್ಣು ಎಲ್ಲಿಂದ ಬಂತು, ಯಾರು ಅಗೆದು ತಂದರು, ಯಾವ ನೀರಿನಲ್ಲಿ ಕಲಕಿದಿರಿ, ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಈ ಮಾತನ್ನು ಕಲಿಯುವುದಕ್ಕೆ ನಾನು ಎಷ್ಟು ಊರಿನ ಹೊಸ್ತಿಲು ತುಳಿಯಬೇಕಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ನನ್ನ ಊರು ಕುದೇರು. ಅಪ್ಪ, ಅವ್ವ ಇಬ್ಬರೂ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಎಸ್ಸೆಸ್ಸೆಲ್ಸಿ ಮುಗಿಸಿ ಒಂದು ವರ್ಷದ ಲ್ಯಾಬ್ ತರಬೇತಿ ಪಡೆದು, ಚಾಮರಾಜನಗರದಲ್ಲಿ ಒಂದು ಟ್ರಸ್ಟ್‌ನವರು ರೈತರಿಗಾಗಿ ನಡೆಸುತ್ತಿದ್ದ ಚಿಕ್ಕ ಮಣ್ಣು ಪರೀಕ್ಷೆಯ ಲ್ಯಾಬಿಗೆ ಸೇರಿದೆ. ಕೆಲಸ ಸಿಕ್ಕಿತೆಂದು ಹೇಳಿದಾಗ ಅಪ್ಪ ನಕ್ಕುಬಿಟ್ಟರು. "ನಾವು ಬಿಸ್ಲಲ್ಲಿ ನಿಂತು ಮಣ್ಣು ಕೆದಕುದ್ವಿ, ನೀನು ಫ್ಯಾನಿನ್ ಕೆಳ್ಗೆ ಕೆದ್ಕು ಬುಡು" ಅಂದರು.

ಲ್ಯಾಬಿಗೆ ಮುಖ್ಯಸ್ಥರು ಮೂರ್ತಿ ಸರ್. ಮಾತು ಕಡಿಮೆ, ಕೋಪವೂ ಕಡಿಮೆ, ಆದರೆ ತಪ್ಪನ್ನು ಮರೆಯುತ್ತಿರಲಿಲ್ಲ. ನಾನು ಸೇರಿದಾಗ ಮಣ್ಣಿನ ಪಿಎಚ್ ಅನ್ನು ಬಣ್ಣ ನೋಡಿ ಹೇಳುತ್ತಿದ್ದೆವು. ಕೊಳವೆಯಲ್ಲಿ ಮಣ್ಣು, ನೀರು ಹಾಕಿ, ಬಣ್ಣದ ದ್ರಾವಣ ನಾಲ್ಕು ಹನಿ ಬಿಟ್ಟು, ತಿಳಿಯಾದ ಮೇಲೆ ಪಟ್ಟಿಯ ಬಣ್ಣಗಳ ಜೊತೆ ಹೋಲಿಸುವುದು. ಕೆಂಪು, ಕಿತ್ತಳೆ ಕಂಡರೆ ಹುಳಿ ಮಣ್ಣು. ಹಸಿರು ಏಳರ ಆಸುಪಾಸು, ಅಂದರೆ ಸಮ. ನೀಲಿಗೆ ತಿರುಗಿದರೆ ಸುಣ್ಣ, ಚೌಳಿನ ಕಡೆಯದು. ಬೆಳಿಗ್ಗೆ ಹಸಿರು ಕಂಡದ್ದು ಸಂಜೆಯ ಬೆಳಕಿನಲ್ಲಿ ನೀಲಿ ಕಾಣುತ್ತಿತ್ತು. ಹಾಗಾಗಿ ಮೂರ್ತಿ ಸರ್ ಮಧ್ಯಾಹ್ನ ಮೂರರ ಮೇಲೆ ಬಣ್ಣ ಓದುವುದನ್ನೇ ನಿಲ್ಲಿಸಿದ್ದರು. ಆಮೇಲೆ ತೊಂಬತ್ತರ ದಶಕದ ಮೊದಲಲ್ಲಿ ಗಾಜಿನ ಕಡ್ಡಿಯ ಪಿಎಚ್ ಮೀಟರ್ ಬಂತು. ಮುಳ್ಳು ಅಂಕಿ ತೋರಿಸುತ್ತದೆ ಅಂದಮೇಲೆ ಇನ್ನು ತಪ್ಪೇ ಆಗುವುದಿಲ್ಲ ಎಂದು ನಾನು ನಂಬಿದೆ.

ಆದರೆ ಮುಳ್ಳಿಗೆ ಮಣ್ಣು ತಂದು ಕೊಡುವವರು ಮನುಷ್ಯರು. ಒಬ್ಬ ಯಜಮಾನರು ಐದು ಹೊಲದ ಮಣ್ಣು ಎಂದು ಐದು ಚೀಲ ತಂದರು. ಐದರಲ್ಲೂ ಒಂದೇ ಬೇವಿನ ಎಲೆ, ಒಂದೇ ಕೋಳಿ ಪುಕ್ಕ. ಕೇಳಿದರೆ, ಬಿಸಿಲಿಗೆ ಹೊಲಕ್ಕೆ ಹೋಗಲಾಗದೆ ಹಿತ್ತಲ ಬೇವಿನ ಮರದ ಬುಡದಲ್ಲೇ ಅಗೆದದ್ದು ಎಂದು ಒಪ್ಪಿಕೊಂಡರು. ಇನ್ನೊಬ್ಬರು ಗೊಬ್ಬರದ ಪುಡಿ ಇನ್ನೂ ಅಂಟಿದ್ದ ಯೂರಿಯಾ ಚೀಲದ ತಳದಲ್ಲಿ ಮಣ್ಣು ತಂದರು. ಇಂಥವನ್ನು ನೋಡಿ ನಾನು ಜೋರಾಗಿ ನಗುತ್ತಿದ್ದೆ. ನನ್ನ ಸರದಿ ಬರುವ ತನಕ ನಕ್ಕೆ.

ಮಣ್ಣನ್ನು ಕಲಕುವುದಕ್ಕೆ ಬಟ್ಟಿ ಇಳಿಸಿದ ನೀರು ಬೇಕು. ನಮ್ಮ ಲ್ಯಾಬಿನ ಬಟ್ಟಿ ಒಡೆದುಹೋಗಿತ್ತು. ಬ್ಯಾಟರಿ ಅಂಗಡಿಯಿಂದ ಕ್ಯಾನಿನಲ್ಲಿ ನೀರು ತರಿಸುತ್ತಿದ್ದೆವು. ಒಂದು ವಾರ ಅಂಗಡಿಯವರು ಮದುವೆಗೆಂದು ಬಾಗಿಲು ಹಾಕಿದರು. ನೂರು ಚೀಲ ಮಣ್ಣು ಸಾಲಾಗಿ ಕೂತಿತ್ತು. ನೀರು ನೀರೇ ತಾನೇ ಎಂದುಕೊಂಡು ನಾನು ಯಾರಿಗೂ ಹೇಳದೆ ನಲ್ಲಿಯ ಬೋರ್‌ವೆಲ್ ನೀರನ್ನೇ ಹಾಕಿ ಕಲಕಿದೆ. ಕೆಂಪು ಮಣ್ಣೆಲ್ಲ ಎಂಟರ ಹತ್ತಿರ ಬಂತು. ಅದನ್ನೇ ಬರೆದೆ. ಚೌಳು ಇಳಿಯಲು ಹೊಲಕ್ಕೆ ಜಿಪ್ಸಂ ಹಾಕಿ ಎಂದು ವರದಿ ಹೋಯಿತು.

ಮೊದಲು ಬಂದವರು ನಮ್ಮೂರಿನವರೇ ಆದ ಸಿದ್ದಯ್ಯ. ವರದಿಯನ್ನು ಮೇಜಿನ ಮೇಲಿಟ್ಟು, "ಇದು ನನ್ನ ಹೊಲದ್ದಲ್ಲ ಕಣವ್ವ. ಈ ಮಣ್ಣ ನಾನು ನಾಲಿಗೆ ಮೇಲೆ ಇಟ್ಕಂಡು ನೋಡಿವ್ನಿ. ಇದ್ರಲ್ಲಿ ಚೌಳಿಲ್ಲ" ಅಂದರು. ಮೂರ್ತಿ ಸರ್ ಎದ್ದು ಹೋಗಿ ಖಾಲಿ ಕ್ಯಾನನ್ನು ನೋಡಿ ಬಂದರು. ನನ್ನನ್ನು ಬೈಯಲಿಲ್ಲ. ವರದಿ ಹೋದ ಪ್ರತಿಯೊಂದು ಮನೆಗೂ ನಾನೇ ಹೋಗಿ, ನಾನು ಏನು ಮಾಡಿದೆ ಎನ್ನುವುದನ್ನು ಹೇಳಿ, ಹೊಸ ಮಣ್ಣು ತರಬೇಕೆಂದರು. ಎರಡು ತಿಂಗಳು ಬಸ್ಸು, ಎತ್ತಿನ ಗಾಡಿ, ಕಾಲ್ನಡಿಗೆ. ಕೆಲವರು ಮಜ್ಜಿಗೆ ಕೊಟ್ಟರು, ಕೆಲವರು ಮುಖಕ್ಕೆ ಹೊಡೆದಂತೆ ಮಾತಾಡಿದರು. ಅದು ಮುಗಿದ ಮೇಲೂ ಮೂರ್ತಿ ಸರ್ ನನಗೆ ಮೀಟರ್ ಮುಟ್ಟಲು ಬಿಡಲಿಲ್ಲ. ಮಣ್ಣು ಒಣಗಿಸುವುದು, ಜರಡಿ ಹಿಡಿಯುವುದು, ಇಷ್ಟೇ ನನ್ನ ಪಾಲಿಗೆ ಉಳಿಯಿತು. ಒಂದು ವರ್ಷ ಹಾಗೇ ಕಳೆಯಿತು.

ಬೇಗೂರಿನ ನಂಜುಂಡಪ್ಪನವರು ಬಂದದ್ದು ಆ ದಿನಗಳಲ್ಲಿ. ಒಂದು ಚೀಲ ಮಣ್ಣು, ಜೊತೆಗೆ ಕಾಗದದಲ್ಲಿ ಸುತ್ತಿದ ಐದಾರು ಕಾಳುಮೆಣಸಿನ ಎಲೆ. ಎಲೆಯ ನರ ಮಾತ್ರ ಹಸಿರು, ಮಿಕ್ಕದ್ದೆಲ್ಲ ಹಳದಿ. ಅವರ ಹೆಂಡತಿ ಗೌರಮ್ಮ ಮೊದಲು ರೇಷ್ಮೆ ಹುಳು ಸಾಕುತ್ತಿದ್ದರಂತೆ. ಹುಳುವಿಗೆ ಮೇಲಿಂದ ಮೇಲೆ ರೋಗ ಬಿದ್ದದ್ದರಿಂದ ಅದನ್ನು ಬಿಟ್ಟು, ಖಾಲಿ ಬಿದ್ದಿದ್ದ ಹುಳದ ಮನೆಯೊಳಗೆ ಊರಿನ ಹತ್ತು ಹೆಂಗಸರನ್ನು ಸೇರಿಸಿಕೊಂಡು ಮೆಣಸಿನ ಸಸಿ ಮಾಡಲು ಹೊರಟಿದ್ದರು. ಅಲ್ಲಲ್ಲಿ ಹೆಂಚು ತೆಗೆದು ಗಾಜಿನ ಹೆಂಚು ಹಾಕಿ ಬೆಳಕು ಬಿಡಿಸಿದ್ದರು. ಕೇರಳದ ಸುಲ್ತಾನ್ ಬತ್ತೇರಿಯ ಕಡೆಯ ವರ್ಗೀಸ್ ಎಂಬ ತೋಟದವರು ಮಳೆಗಾಲದ ಮೊದಲು ಐದು ಸಾವಿರ ಸಸಿ ಬೇಕೆಂದು ಹೇಳಿದ್ದರು. ಅವರ ಷರತ್ತು ಒಂದೇ: ಒಂದು ಹನಿಯೂ ರಾಸಾಯನಿಕ ಬೀಳಬಾರದು. ಈಗ ಸಸಿಗಳೆಲ್ಲ ಹಳದಿಯಾಗಿದ್ದವು. ವರ್ಗೀಸ್ ಬಂದು ನೋಡಿ, ಇನ್ನು ಮೂರು ತಿಂಗಳಲ್ಲಿ ಸರಿಯಾಗದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದು ಹೋಗಿದ್ದರು.

ಮಣ್ಣಿನ ಪಿಎಚ್ ಆರೂವರೆಯ ಒಳಗೇ ಬಂತು. ಮೆಣಸಿಗೆ ಅದು ಹೇಳಿ ಮಾಡಿಸಿದ ಮಣ್ಣು. ಮೂರ್ತಿ ಸರ್ ಎಲೆ ನೋಡಿ ಕಬ್ಬಿಣದ ಕೊರತೆ ಎಂದರು, ಸಿಂಪಡಿಸಲು ಕಬ್ಬಿಣದ ಸಲ್ಫೇಟ್ ಪೊಟ್ಟಣ ಕೊಟ್ಟು ಕಳಿಸಿದರು. ಮೂರನೇ ದಿನಕ್ಕೆ ನಂಜುಂಡಪ್ಪ ಒಡೆಯದ ಪೊಟ್ಟಣ ಹಿಡಿದು ವಾಪಸು ಬಂದರು. ಹೆಂಡತಿ ಅದನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಮಾತು ಕೊಟ್ಟ ಮೇಲೆ ಕದ್ದು ಸಿಂಪಡಿಸುವುದು ತನ್ನಿಂದಾಗದು ಎಂದರಂತೆ. ಮೂರ್ತಿ ಸರ್‌ಗೆ ಇದು ಹಟವೆನ್ನಿಸಿತು. ನಾನು ಜರಡಿ ಹಿಡಿದುಕೊಂಡೇ, "ಸರ್, ಇವರು ತಂದ ಮಣ್ಣು ಸಸಿಯ ಚೀಲದ್ದಾ, ಹೊಲದ್ದಾ?" ಎಂದು ಕೇಳಿದೆ. ಹೊಲದ್ದು ಎಂದರು ನಂಜುಂಡಪ್ಪ. ಸಸಿಗೆ ಹಾಕಿದ್ದು ಅದೇ ಮಣ್ಣಲ್ಲವೇ ಎಂಬುದು ಅವರ ಲೆಕ್ಕ.

ಮೂರ್ತಿ ಸರ್ ನನ್ನ ಕಡೆ ತಿರುಗಿದರು. "ಹೋಗಿ ನೋಡಿ ಬನ್ನಿ ಮಹದೇವಮ್ಮ. ಆದರೆ ಅಲ್ಲಿ ಏನು ಹೇಳುತ್ತೀರೋ ಅದಕ್ಕೆ ನೀವೇ ಜವಾಬ್ದಾರಿ" ಅಂದರು.

ಮರುದಿನ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿದೆ. ಕೇರಳಕ್ಕೆ ಹೊರಟ ಈರುಳ್ಳಿ ಲಾರಿಗಳ ಸಾಲು ದಾಟಿ ಬೇಗೂರಿಗೆ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಗೌರಮ್ಮ ಐವತ್ತರ ಹತ್ತಿರದವರು, ಹಣೆಯ ಮೇಲೆ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಬಂದವಳು ಹೆಂಗಸೆಂದು ನೋಡಿ ಅವರಿಗೆ ಸಮಾಧಾನವಾಯಿತೋ ಅನುಮಾನವಾಯಿತೋ ಗೊತ್ತಾಗಲಿಲ್ಲ. ಮೊದಲು ಊಟ ಮಾಡು, ಆಮೇಲೆ ಗಿಡ ನೋಡುವಂತೆ ಎಂದರು. ಗಿಡವನ್ನೇ ಮೊದಲು ನೋಡುತ್ತೇನೆ ಎಂದೆ.

ಹುಳದ ಮನೆಯ ಬಾಗಿಲು ತೆಗೆದಾಗ ಮೊದಲು ಕಂಡದ್ದು ಬಿಳುಪು. ಗೋಡೆಗೆ ಸುಣ್ಣ, ನೆಲದ ಬಿರುಕಿನಲ್ಲಿ ಸುಣ್ಣ. ರೇಷ್ಮೆ ಸಾಕಿದವರಿಗೆ ಗೊತ್ತು, ರೋಗ ಬಾರದಂತೆ ಹುಳದ ಹಾಸಿಗೆಗೂ ನೆಲಕ್ಕೂ ಸುಣ್ಣದ ಪುಡಿ ಉದುರಿಸುತ್ತಾರೆ. ಅದರ ನಡುವೆ ಸಾಲುಸಾಲಾಗಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹಳದಿ ಸಸಿಗಳು. ಚೀಲಕ್ಕೆ ಏನೇನು ತುಂಬಿದಿರಿ ಎಂದು ಕೇಳಿದೆ. ಹೊಲದ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಜೊತೆಗೆ ಹಿಂದಿನ ಗುಂಡಿಯ ಗೊಬ್ಬರ ಎಂದರು. ಆ ಗುಂಡಿಯಲ್ಲಿ ಏನಿತ್ತು?

"ಹುಳದ ಇಕ್ಕೆ, ತಿಂದು ಮಿಕ್ಕಿದ್ದ ಸೊಪ್ಪು. ಹನ್ನೆರಡು ವರ್ಸದಿಂದ ಈ ಮನೆ ಕಸ ಗುಡ್ಸಿ ಅಲ್ಗೇ ಹಾಕಿವಿ. ಅದ್ಕಿಂತ ಒಳ್ಳೆ ಗೊಬ್ರ ಎಲ್ಲವ್ವ ಸಿಕ್ಕಾದು?"

ಕಸದ ಜೊತೆ ಸುಣ್ಣವನ್ನೂ ಗುಡಿಸಿದ್ದರು. ನನ್ನ ಕೈಯಲ್ಲಿ ಮೀಟರ್ ಇರಲಿಲ್ಲ. ಅಡುಗೆ ಮನೆಯಿಂದ ಒಂದು ನಿಂಬೆಹಣ್ಣು ತರಿಸಿದೆ. ಹೊಲದ ಒಣ ಮಣ್ಣನ್ನು ಒಂದು ತಟ್ಟೆಯಲ್ಲಿ, ಗುಂಡಿಯ ಗೊಬ್ಬರವನ್ನು ಇನ್ನೊಂದರಲ್ಲಿ, ಸಸಿಯ ಚೀಲದ ಮಣ್ಣನ್ನು ಮೂರನೆಯದರಲ್ಲಿ ಇಟ್ಟು ರಸ ಹಿಂಡಿದೆ. ಹೊಲದ ಮಣ್ಣು ರಸ ಕುಡಿದು ಸುಮ್ಮನಾಯಿತು. ಗುಂಡಿಯ ಗೊಬ್ಬರದಲ್ಲಿ ಬುಸುಬುಸು ನೊರೆ ಎದ್ದಿತು. ಚೀಲದ ಮಣ್ಣಿನಲ್ಲೂ ಸಣ್ಣ ಸಣ್ಣ ಗುಳ್ಳೆ. ಹೆಂಗಸರೆಲ್ಲ ತಟ್ಟೆಯ ಸುತ್ತ ಬಗ್ಗಿ ನಿಂತರು. ಸುಣ್ಣಕ್ಕೆ ಹುಳಿ ಬಿದ್ದರೆ ಹೀಗೆ ನೊರೆ ಬರುತ್ತದೆ, ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಸುಣ್ಣ ಅದನ್ನು ಬೇರಿಗೆ ಸಿಗದಂತೆ ಕಟ್ಟಿಹಾಕುತ್ತದೆ, ಎಲೆ ಹಳದಿಯಾಗುವುದು ಅದಕ್ಕೇ ಎಂದು ಹೇಳಿದೆ. ಗೌರಮ್ಮ ತಟ್ಟೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ನೊರೆಯ ಸದ್ದು ಕೇಳಿದರು. ಆಮೇಲೆ ಕೆಳಗಿಟ್ಟು, "ನಾನೇ ಉಣ್ಣಿಸಿದ್ನಲ್ಲ ಇದ್ನ" ಅಂದರು. ಎಲೆ ಹಳದಿಯಾದಾಗಿನಿಂದ ಯಾರದೋ ಮಾತು ಕೇಳಿ ವಾರಕ್ಕೊಮ್ಮೆ ಒಲೆಯ ಬೂದಿ ಬೇರೆ ಹಾಕಿದ್ದರು. ಬೂದಿಯೂ ಸುಣ್ಣದ ತಮ್ಮನೇ.

ಸಸಿಗಳನ್ನು ಬಿಡಿಸಿ ಹೊಸ ಮಣ್ಣಿಗೆ ಹಾಕಬೇಕು ಎಂದೆ. ಎಳೆ ಬೇರು ತಡೆಯುತ್ತದೆಯೇ ಎನ್ನುವುದು ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಹೇಳಿದೆ. ಮೂರ್ತಿ ಸರ್‌ಗೆ ಲ್ಯಾಬಿನಲ್ಲಿ ಹೇಳಿದಾಗ ಅವರು ತಲೆಯಾಡಿಸಿ, ಅರ್ಧಕ್ಕರ್ಧ ಸಾಯುತ್ತವೆ ಎಂದರು. ಅದಕ್ಕೇ ಮೊದಲು ಇಪ್ಪತ್ತು ಸಸಿಗಳಲ್ಲಿ ಮಾತ್ರ ನೋಡಿದೆವು. ಗುಂಡಿಯ ಗೊಬ್ಬರ ಪೂರ್ತಿ ಬಿಟ್ಟು, ಹೊಲದ ಕೆಂಪು ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ ಮತ್ತು ನಾರಿನ ಅಂಗಡಿಯ ಹಿಂದೆ ವರ್ಷಗಟ್ಟಲೆ ಕೊಳೆತಿದ್ದ ತೆಂಗಿನ ನಾರಿನ ಪುಡಿ ಬೆರೆಸಿದೆವು. ಬೇರನ್ನು ಬಕೆಟ್ ನೀರಿನಲ್ಲಿ ಮೆಲ್ಲಗೆ ಆಡಿಸಿ ತೊಳೆದು ನೆಟ್ಟೆವು. ಒಂದೂ ಸಾಯಲಿಲ್ಲ. ಆದರೆ ಎರಡು ವಾರ ಕಳೆದರೂ ಹೊಸ ಎಲೆ ಹಳದಿಯಾಗಿಯೇ ಬಂತು.

ಆ ದಿನ ಹೆಂಗಸರು ನನ್ನನ್ನು ಬಿಟ್ಟು ತಮ್ಮ ತಮ್ಮ ಕೆಲಸ ನೋಡಿಕೊಂಡರು. ನಾನು ಜಗಲಿಯ ಮೇಲೆ ಕೂತು ನೀರು ಕುಡಿಯುತ್ತಿದ್ದೆ. ಕೊಳಾಯಿಯ ಮೂತಿಯಲ್ಲಿ, ನೀರು ತುಂಬುವ ಡ್ರಮ್ಮಿನ ಅಂಚಿನಲ್ಲಿ ಬಿಳಿ ಪದರ ಕಟ್ಟಿತ್ತು. ಲೋಟ ಕೈಯಲ್ಲೇ ನಿಂತಿತು. ಬೋರ್‌ವೆಲ್ ನೀರು ಕೆಂಪು ಮಣ್ಣನ್ನು ಎಂಟಕ್ಕೆ ಏರಿಸುತ್ತದೆ ಎನ್ನುವುದನ್ನು ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು? ಅದಕ್ಕಾಗಿ ಎರಡು ತಿಂಗಳು ಊರೂರು ಅಲೆದಿದ್ದೆ. ಹೊಲದಲ್ಲಿ ಮಳೆ ಬಿದ್ದು ಸುಣ್ಣ ತೊಳೆದುಹೋಗುತ್ತದೆ. ಸೂರಿನ ಕೆಳಗಿನ ಚೀಲಕ್ಕೆ ಮಳೆ ಇಲ್ಲ. ದಿನಾ ಹಾಕಿದ ಗಡಸು ನೀರಿನ ಸುಣ್ಣವೆಲ್ಲ ಅಲ್ಲೇ ಉಳಿಯುತ್ತದೆ. ಮನೆಯೊಳಗೆ ಗಿಡ ಬೆಳೆಸುವವರು ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು.

ಬಾಟಲಿಯಲ್ಲಿ ನೀರು ತಂದು ಲ್ಯಾಬಿನಲ್ಲಿ ಮೂರ್ತಿ ಸರ್ ಮುಂದಿಟ್ಟೆ. ಅವರು ಮೀಟರ್ ಅನ್ನು ನನ್ನ ಕಡೆ ಸರಿಸಿದರು. ಒಂದು ವರ್ಷದ ಮೇಲೆ ನಾನು ಆ ಗಾಜಿನ ಕಡ್ಡಿಯನ್ನು ಹಿಡಿದೆ. ನೀರು ಎಂಟನ್ನು ದಾಟಿತ್ತು.

ಮಳೆ ನೀರೇ ಆಗಬೇಕು. ಆದರೆ ಮಳೆ ಎಲ್ಲಿ? ಒಬ್ಬಾಕೆ ಹುಣಸೆ ಹುಳಿ ಕಿವುಚಿ ಹಾಕೋಣ ಎಂದರು. ಹಾಕಿ ನೋಡಿದೆವು. ಮೂರು ದಿನಕ್ಕೆ ಚೀಲದ ಮೇಲೆ ಬೂಷ್ಟು, ಸುತ್ತ ಇರುವೆ ಸಾಲು. ನಿಂಬೆ ರಸವನ್ನು ಸೋಸಿ ಅಳತೆಯಲ್ಲಿ ಬೆರೆಸಿದ್ದು ಕೆಲಸ ಮಾಡಿತು. ಡ್ರಮ್ಮಿಗೆ ರಸ ಹಾಕಿ ಕಲಕಿ, ಒಂದು ಗಂಟೆ ಬಿಟ್ಟು, ನಾನು ಲ್ಯಾಬಿನಿಂದ ತಂದಿದ್ದ ಪಿಎಚ್ ತೋರಿಸುವ ಬಣ್ಣದ ಕಾಗದ ಅದ್ದಿ ನೋಡುವುದು. ನೀಲಿಯಿಂದ ಹಳದಿ ಹಸಿರಿಗೆ ಇಳಿದರೆ ನಿಲ್ಲಿಸುವುದು. ಬಣ್ಣ ಓದುವುದನ್ನು ನಾನು ಗೌರಮ್ಮನವರಿಗೆ ಕಲಿಸಿದೆ. ಮೂರೇ ದಿನದಲ್ಲಿ ಅವರು ನನಗಿಂತ ಚುರುಕಾದರು. ಗೂಡು ಕಟ್ಟುವ ಮೊದಲು ರೇಷ್ಮೆ ಹುಳು ಹಣ್ಣಾಗುವ ಬಣ್ಣವನ್ನು ಹನ್ನೆರಡು ವರ್ಷ ನೋಡಿದ ಕಣ್ಣು ಅದು. ಊರಿನ ನಿಂಬೆ ಗಿಡಗಳೆಲ್ಲ ಬರಿದಾದವು. ಈ ವರ್ಷ ಬೇಗೂರಿನಲ್ಲಿ ಉಪ್ಪಿನಕಾಯಿ ಇಲ್ಲ ಎಂದು ನಂಜುಂಡಪ್ಪ ತಮಾಷೆ ಮಾಡಿದರು. ಇಪ್ಪತ್ತು ಸಸಿಗಳಲ್ಲಿ ಎಳೆ ಚಿಗುರು ಹಸಿರಾಗಿ ಬಂತು.

ಇನ್ನು ಐದು ಸಾವಿರವನ್ನೂ ಬದಲಿಸುವ ಮಾತು. ಬದಲಿಸಿದ ಮೇಲೆ ಅಷ್ಟಕ್ಕೂ ನಿಂಬೆ ಸಾಲುವುದಿಲ್ಲ. ಮಳೆ ಬಾರದಿದ್ದರೆ ಮತ್ತೆ ಬೋರ್ ನೀರು, ಮತ್ತೆ ಹಳದಿ. ಕಾಯೋಣವೇ ಎಂದು ನಾನು ಹಿಂದೆಮುಂದೆ ನೋಡಿದೆ.

"ಮಳೆ ಬಂದ್ಮೇಲೆ ಗಿಡ ಕೀಳ್ತಾ ಕೂತ್ರೆ ನೀರು ಚರಂಡಿಗೆ ಓಯ್ತದೆ" ಅಂದರು ಗೌರಮ್ಮ. "ನಾವು ಸಿದ್ದ ಆಗಿರನ. ಬರಾದು ಬತ್ತದೆ."

ಹನ್ನೊಂದು ಜನ ಹೆಂಗಸರು ಎಂಟು ದಿನದಲ್ಲಿ ಐದು ಸಾವಿರ ಸಸಿಯ ಬೇರು ತೊಳೆದರು. ಹುಳದ ಮನೆಯ ಸೂರಿಗೆ ಉದ್ದಕ್ಕೂ ಮಳೆ ನೀರು ಹರಿದು ಬರಲು ತಗಡಿನ ದೋಣಿ ಕಟ್ಟಿಸಿ, ಅದರ ಬಾಯಿಗೆ ಸಿಮೆಂಟ್ ತೊಟ್ಟಿಯ ಬದಲು ಡ್ರಮ್ಮು, ಪ್ಲಾಸ್ಟಿಕ್ ಹಾಳೆ ಹಾಸಿದ ಗುಂಡಿ ಸಿದ್ಧ ಮಾಡಿದರು. ಸಿಮೆಂಟಿನಲ್ಲೂ ಸುಣ್ಣವಿರುತ್ತದೆ ಎಂದು ಅವರಿಗೇ ಹೊಳೆದದ್ದು, ನಾನು ಹೇಳಿದ್ದಲ್ಲ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ಕಪ್ಪಾಗಿ, ಗಾಳಿ ಎದ್ದು, ಮಣ್ಣಿನ ವಾಸನೆ ಮೊದಲು ಬಂತು. ಮೊದಲ ಹತ್ತು ನಿಮಿಷದ ನೀರು ಹೆಂಚಿನ ಧೂಳು ತೊಳೆದು ಹೊರಗೆ ಹೋಗಲಿ ಎಂದು ಎಲ್ಲರನ್ನೂ ತಡೆದು ನಿಲ್ಲಿಸಿದೆ. ಆಮೇಲೆ ತಗಡಿನ ಬಾಯಿ ತಿರುಗಿಸಿದೆವು. ಡ್ರಮ್ಮು ತುಂಬಿತು, ಗುಂಡಿ ತುಂಬಿತು, ಕೊಡಪಾನ, ಹಂಡೆ, ಹಿಟ್ಟಿನ ಪಾತ್ರೆ, ಎಲ್ಲವನ್ನೂ ಸೂರಿನ ಕೆಳಗೆ ತಂದಿಟ್ಟರು. ಗೌರಮ್ಮ ನೆನೆದ ಸೀರೆಯಲ್ಲೇ ಬಣ್ಣದ ಕಾಗದ ಅದ್ದಿ, ಬೆಳಕಿಗೆ ಹಿಡಿದು ನೋಡಿ ನನಗೆ ತೋರಿಸಿದರು. ಹಳದಿ ಹಸಿರು. ಅವರ ಮುಖ ನೋಡಿದರೆ ಕಾಗದ ನೋಡಬೇಕಾಗಿರಲಿಲ್ಲ. ಆಮೇಲೆ ಮೇ ತಿಂಗಳ ತುಂಬ ವಾರಕ್ಕೊಂದು ಮಳೆ ಕೈ ಹಿಡಿಯಿತು.

ವರ್ಗೀಸ್ ಬರುವ ದಿನ ಮೂರ್ತಿ ಸರ್ ಕೂಡ ಬಂದರು, ನಾನು ಕರೆದಿರಲಿಲ್ಲ. ವರ್ಗೀಸ್ ಸಾಲಿನ ನಡುವಿನಿಂದ ಒಂದು ಚೀಲ ಎತ್ತಿ, ಬ್ಲೇಡಿನಲ್ಲಿ ಸೀಳಿ, ಬೇರನ್ನು ನೀರಿನಲ್ಲಿ ಜಾಲಿಸಿದರು. ಬಿಳಿ ಬೇರು, ಜಡೆಯ ಹಾಗೆ. ಇನ್ನೊಂದು ಮೂಲೆಯಿಂದ ಎತ್ತಿದರು, ಬಾಗಿಲ ಹಿಂದಿನಿಂದ ಎತ್ತಿದರು. ಹೀಗೆ ಒಂಬತ್ತು ಚೀಲ ಸೀಳಿದ ಮೇಲೆ ಕೈ ಒರೆಸಿಕೊಂಡು, ಏನು ಸಿಂಪಡಿಸಿದಿರಿ, ನಿಜ ಹೇಳಿ ಎಂದು ಕೇಳಿದರು.

"ಮಳೆ ನೀರು" ಅಂದರು ಗೌರಮ್ಮ.

ವರ್ಗೀಸ್ ಮೂರ್ತಿ ಸರ್ ಕಡೆ ತಿರುಗಿದರು. ಅವರು ನನ್ನ ಕಡೆ ಕೈ ತೋರಿಸಿ, "ಇವರನ್ನು ಕೇಳಿ. ನಾನು ಕಬ್ಬಿಣ ಸಿಂಪಡಿಸಲು ಹೇಳಿದ್ದೆ. ಗೌರಮ್ಮ ಬೇಡವೆಂದರು, ಇವರು ಮಣ್ಣು ಎಲ್ಲಿಯದೆಂದು ಕೇಳಿದರು. ಇವರೇ ಸರಿ" ಎಂದರು. ಅಷ್ಟು ಜನರ ಮುಂದೆ ತಮ್ಮ ತಪ್ಪನ್ನು ಹಾಗೆ ಹೇಳಿಕೊಂಡ ಇನ್ನೊಬ್ಬ ಮೇಲಧಿಕಾರಿಯನ್ನು ನಾನು ಆಮೇಲೆ ಕಂಡಿಲ್ಲ.

"ಚೇಚಿ, ಎಲ್ಲ ನನಗೇ ಬೇಕು. ಬರುವ ವರ್ಷಕ್ಕೆ ಎರಡು ಪಟ್ಟು ಮಾಡಿ" ಅಂದರು ವರ್ಗೀಸ್, ಗೌರಮ್ಮನವರನ್ನು ತಮ್ಮ ಭಾಷೆಯಲ್ಲಿ ಅಕ್ಕ ಎಂದು ಕರೆದು. ಎರಡು ಲಾರಿ ಬೇಗೂರಿನಿಂದ ಹೊರಟು ಗುಂಡ್ಲುಪೇಟೆಯ ಕಡೆ ತಿರುಗುವ ತನಕ ಹೆಂಗಸರೆಲ್ಲ ಹೆದ್ದಾರಿಯ ಅಂಚಿನಲ್ಲಿ ನಿಂತಿದ್ದರು. ದಾರಿಹೋಕರು ಯಾರ ಮದುವೆಯ ದಿಬ್ಬಣ ಎಂದು ಕೇಳಿದರು.

ಸುದ್ದಿಗೆ ಬಸ್ಸಿಗಿಂತ ವೇಗ. ಮುಂದಿನ ಸೋಮವಾರ ಎಂಟೂವರೆಗೆ ನಾನು ಲ್ಯಾಬಿನ ಬಾಗಿಲು ತೆಗೆಯಲು ಹೋದೆ. ಅಷ್ಟು ವರ್ಷಗಳಲ್ಲಿ ನಮ್ಮ ಬಾಗಿಲ ಮುಂದಿನ ಕಲ್ಲುಬೆಂಚಿನ ಮೇಲೆ ಹೆಂಗಸರು ಕೂತದ್ದನ್ನು ನಾನು ನೋಡಿರಲಿಲ್ಲ. ಮಣ್ಣು ತರುವುದು ಗಂಡಸರ ಕೆಲಸ ಎಂದೇ ಇತ್ತು. ಅಂದು ಬೆಂಚು ತುಂಬಿ, ಮೆಟ್ಟಿಲು ತುಂಬಿ, ಬೇಲಿಯ ತನಕ ಹೆಂಗಸರು ನಿಂತಿದ್ದರು. ತೆರಕಣಾಂಬಿಯವರು, ಹಂಗಳದವರು, ನಮ್ಮ ಕುದೇರಿನವರೂ ಇದ್ದರು. ಮಡಿಲಲ್ಲಿ, ಬಟ್ಟೆ ಗಂಟಿನಲ್ಲಿ, ಟಿಫನ್ ಡಬ್ಬಿಯಲ್ಲಿ ಮಣ್ಣು. ಹಿತ್ತಲಿನ ಮಲ್ಲಿಗೆಯದು, ಕುಂಡದ ಕರಿಬೇವಿನದು, ಗದ್ದೆಯದು.

ಮುಂದೆ ನಿಂತಿದ್ದ ಮುದುಕಿ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಮಣ್ಣು ನೋಡೋಳು ಯಾರವ್ವ? ನೀನೇಯಾ?" ಎಂದು ಕೇಳಿದಳು.

"ನಾನೇ ಕಣವ್ವ" ಎಂದು ಬೀಗ ತೆಗೆದೆ.